ಸೀಸ, ಚಿನ್ನ, ಕ್ವಾರ್ಕ್: ಭಾರದ ಅಯಾನ್‌ಗಳ ಡಿಕ್ಕಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಕಡೆಯ ಪಿಯು ಮತ್ತು ಡಿಗ್ರಿ ಕಾಲೇಜುಗಳಲ್ಲಿ ಕಣ ಭೌತಶಾಸ್ತ್ರದ ಬಗ್ಗೆ ಮಾತಾಡುವಾಗ ಮಕ್ಕಳು, ಲೆಕ್ಚರರ್‌ಗಳು, ಕೆಲವೊಮ್ಮೆ ಅಪ್ಪ-ಅಮ್ಮಂದಿರು ಕೇಳುವ ಪ್ರಶ್ನೆಗಳು ಇವು. ಹಿಗ್ಸ್ ಕಣದ ಹೆಸರು ಎಲ್ಲರ ಕಿವಿಗೂ ಬಿದ್ದಿದೆ. ಸೀಸ, ಚಿನ್ನದಂಥ ಭಾರದ ಪರಮಾಣುಗಳ ನ್ಯೂಕ್ಲಿಯಸ್‌ಗಳನ್ನು ಡಿಕ್ಕಿ ಹೊಡೆಸುವ ಪ್ರಯೋಗಗಳ ಬಗ್ಗೆ ಕೇಳಿದವರು ಕಡಿಮೆ. ಆದರೆ ನಮ್ಮ ಮೈತೂಕ ಎಲ್ಲಿಂದ ಬಂತು ಅನ್ನುವ ಪ್ರಶ್ನೆಯ ಬೆನ್ನು ಹತ್ತಿದರೆ ಬಂದು ನಿಲ್ಲುವುದು ಈ ಪ್ರಯೋಗಗಳ ಬಾಗಿಲಿಗೇ. ಅದಕ್ಕೇ ಈ ಪುಟದಲ್ಲಿ ಅವಕ್ಕೆ ಜಾಸ್ತಿ ಜಾಗ.

ಭಾರದ ಅಯಾನ್ ಅಂದರೆ ಏನು?

ಪರಮಾಣುವಿನಿಂದ ಎಲೆಕ್ಟ್ರಾನ್‌ಗಳನ್ನು ಕಿತ್ತರೆ ಉಳಿಯುವುದು ಅಯಾನ್. ಸೀಸದ ಪರಮಾಣುವಿನಲ್ಲಿ 82 ಎಲೆಕ್ಟ್ರಾನ್ ಇರುತ್ತವೆ. ಅಷ್ಟನ್ನೂ ಕಿತ್ತರೆ ಬರಿಯ ನ್ಯೂಕ್ಲಿಯಸ್ ಉಳಿಯುತ್ತದೆ. ಅದರಲ್ಲಿ 82 ಪ್ರೋಟಾನ್, 126 ನ್ಯೂಟ್ರಾನ್, ಒಟ್ಟು 208. ಅದಕ್ಕೆ ವಿದ್ಯುತ್ ಚಾರ್ಜ್ ಇರುವುದರಿಂದ ವಿದ್ಯುತ್ ಕ್ಷೇತ್ರದಿಂದ ಓಡಿಸಬಹುದು, ಅಯಸ್ಕಾಂತದಿಂದ ತಿರುಗಿಸಬಹುದು. ಇಂಥ ಎರಡು ಕಿರಣಗಳನ್ನು ಎದುರುಬದುರು ಓಡಿಸಿ, ಬೆಳಕಿನ ವೇಗದ ಹತ್ತಿರ ಬಂದಾಗ ಡಿಕ್ಕಿ ಹೊಡೆಸುತ್ತಾರೆ.

ಇದು ನಡೆಯುವುದು ಎಲ್ಲಿ?

ಮುಖ್ಯವಾಗಿ ಎರಡು ಜಾಗ ನೆನಪಿಡಿ. ಒಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬ್ರೂಕ್‌ಹೇವನ್ ಪ್ರಯೋಗಾಲಯ. ಅಲ್ಲಿ 3.8 ಕಿಲೋಮೀಟರ್ ಸುತ್ತಳತೆಯ 'ರಿಕ್' ಅನ್ನುವ ಕೊಲೈಡರ್‌ನಲ್ಲಿ (ಡಿಕ್ಕಿ ಹೊಡೆಸುವ ಯಂತ್ರದಲ್ಲಿ) 2000ದಲ್ಲಿ ಚಿನ್ನದ ನ್ಯೂಕ್ಲಿಯಸ್‌ಗಳ ಡಿಕ್ಕಿ ಶುರುವಾಯಿತು. ಇನ್ನೊಂದು, ಸ್ವಿಟ್ಜರ್ಲೆಂಡ್ ಮತ್ತು ಫ್ರಾನ್ಸ್ ಗಡಿಯಲ್ಲಿರುವ, ಯುರೋಪಿನ ಕಣ ಭೌತಶಾಸ್ತ್ರ ಪ್ರಯೋಗಾಲಯ ಸರ್ನ್. ಅಲ್ಲಿನ ಲಾರ್ಜ್ ಹ್ಯಾಡ್ರಾನ್ ಕೊಲೈಡರ್, ಅಂದರೆ ಎಲ್‌ಎಚ್‌ಸಿಯಲ್ಲಿ, ಸೀಸದ ಮೊದಲ ಡಿಕ್ಕಿ ಆದದ್ದು 2010ರ ನವೆಂಬರ್‌ನಲ್ಲಿ. ಎಲ್‌ಎಚ್‌ಸಿ ಬಹುಪಾಲು ಸಮಯ ಪ್ರೋಟಾನ್‌ಗಳನ್ನೇ ಓಡಿಸುತ್ತದೆ. ಸೀಸದ ಸರದಿ ಬರುವುದು ಸಾಮಾನ್ಯವಾಗಿ ವರ್ಷದ ಕೊನೆಯ ಭಾಗದಲ್ಲಿ ಕೆಲವು ವಾರ ಮಾತ್ರ. 2017ರಲ್ಲಿ ಕ್ಸೆನಾನ್, 2025ರ ಜುಲೈಯಲ್ಲಿ ಆಕ್ಸಿಜನ್ ಮತ್ತು ನಿಯಾನ್ ನ್ಯೂಕ್ಲಿಯಸ್‌ಗಳನ್ನೂ ಡಿಕ್ಕಿ ಹೊಡೆಸಿ ನೋಡಿದ್ದಾರೆ.

ಎಲ್‌ಎಚ್‌ಸಿ ಉಂಗುರದ ಸುತ್ತಳತೆ 27 ಕಿಲೋಮೀಟರ್. ಅಡ್ಡಳತೆ ಎಂಟೂವರೆ ಕಿಲೋಮೀಟರ್‌ಗಿಂತ ಸ್ವಲ್ಪ ಹೆಚ್ಚು. ಉಡುಪಿಯಲ್ಲಿ ಇಟ್ಟರೆ ಒಂದು ಅಂಚು ಮಲ್ಪೆ ಕಡಲ ತೀರಕ್ಕೆ, ಇನ್ನೊಂದು ಮಣಿಪಾಲದ ಗುಡ್ಡದ ಬುಡಕ್ಕೆ ಬರುತ್ತದೆ. ಅದು ನೆಲದಿಂದ ಸರಾಸರಿ 100 ಮೀಟರ್ ಕೆಳಗಿದೆ. ಕಿರಣವನ್ನು ಬಗ್ಗಿಸುವುದಕ್ಕೇ 1232 ದೊಡ್ಡ ಅಯಸ್ಕಾಂತಗಳಿವೆ, ಒಂದೊಂದು 15 ಮೀಟರ್ ಉದ್ದ. ಅವುಗಳನ್ನು ದ್ರವ ಹೀಲಿಯಂನಿಂದ ಮೈನಸ್ 271 ಡಿಗ್ರಿಗೆ ತಂಪು ಮಾಡಿ ಇಡುತ್ತಾರೆ. ಅಷ್ಟು ತಂಪಿನಲ್ಲಿ ಒಳಗಿನ ತಂತಿ ಸೂಪರ್‌ಕಂಡಕ್ಟರ್ ಆಗುತ್ತದೆ, ವಿದ್ಯುತ್ತಿಗೆ ಸ್ವಲ್ಪವೂ ತಡೆ ಇರುವುದಿಲ್ಲ.

ನಮ್ಮ ತೂಕ ಹಿಗ್ಸ್‌ನಿಂದ ಬರುತ್ತದೆ ಅಂತ ಓದಿದ್ದೇವೆ. ನಿಜವಾ?

ಪೂರ್ತಿ ನಿಜ ಅಲ್ಲ. ಈ ಒಂದು ಪ್ರಶ್ನೆಗೆ ನಿಧಾನವಾಗಿ ಉತ್ತರ ಹೇಳಬೇಕು ಅನ್ನಿಸುತ್ತದೆ.

2012ರ ಜುಲೈ 4ರಂದು ಸರ್ನ್ ಹಿಗ್ಸ್ ಕಣ ಸಿಕ್ಕಿದ್ದನ್ನು ಹೇಳಿತು. ಮರುವರ್ಷ ಪೀಟರ್ ಹಿಗ್ಸ್ ಮತ್ತು ಫ್ರಾಂಸ್ವಾ ಆಂಗ್ಲೇರ್ ಅವರಿಗೆ ನೊಬೆಲ್ ಬಂತು. ಆಗ ಎಲ್ಲ ಪತ್ರಿಕೆಗಳೂ 'ವಸ್ತುಗಳಿಗೆ ತೂಕ ಕೊಡುವ ಕಣ' ಅಂತ ಬರೆದವು. ಹಿಗ್ಸ್ ಕ್ಷೇತ್ರ ಎಲೆಕ್ಟ್ರಾನ್, ಕ್ವಾರ್ಕ್‌ನಂಥ ಮೂಲ ಕಣಗಳಿಗೆ ದ್ರವ್ಯರಾಶಿ ಕೊಡುತ್ತದೆ, ಅದು ಸರಿಯೇ. ಈಗ ಲೆಕ್ಕ ನೋಡಿ. ಪ್ರೋಟಾನ್‌ನಲ್ಲಿ ಮೂರು ಕ್ವಾರ್ಕ್: ಎರಡು 'ಅಪ್', ಒಂದು 'ಡೌನ್'. ಅಪ್ ಕ್ವಾರ್ಕ್‌ನ ದ್ರವ್ಯರಾಶಿ ಸುಮಾರು 2.2, ಡೌನ್‌ನದ್ದು 4.7 ಮೆಗಾ ಎಲೆಕ್ಟ್ರಾನ್ ವೋಲ್ಟ್ (ಕಣಗಳ ಶಕ್ತಿ, ದ್ರವ್ಯರಾಶಿ ಹೇಳಲು ಬಳಸುವ ಅಳತೆ). ಮೂರೂ ಸೇರಿ 9ರ ಆಸುಪಾಸು. ಆದರೆ ಪ್ರೋಟಾನ್‌ನ ದ್ರವ್ಯರಾಶಿ 938. ಬಾಕಿ ಎಲ್ಲಿಂದ ಬಂತು?

ಕ್ವಾರ್ಕ್‌ಗಳನ್ನು ಒಟ್ಟಿಗೆ ಹಿಡಿದಿಡುವ ಬಲದಿಂದ. ಆ ಬಲವನ್ನು ಸಾಗಿಸುವ ಕಣದ ಹೆಸರು ಗ್ಲೂಆನ್. ಗ್ಲೂಆನ್‌ಗೆ ಸ್ವಂತ ದ್ರವ್ಯರಾಶಿ ಇಲ್ಲ. ಆದರೆ ಪ್ರೋಟಾನ್ ಒಳಗೆ ಕ್ವಾರ್ಕ್, ಗ್ಲೂಆನ್‌ಗಳು ಒಂದು ಕ್ಷಣವೂ ಸುಮ್ನೆ ಕೂರುವುದಿಲ್ಲ. ಆ ಓಡಾಟ ಮತ್ತು ಬಂಧನದ ಶಕ್ತಿಯೇ ಐನ್‌ಸ್ಟೈನ್ ಸೂತ್ರದ ಪ್ರಕಾರ ದ್ರವ್ಯರಾಶಿಯಾಗಿ ಕಾಣಿಸುತ್ತದೆ. 2008ರಲ್ಲಿ ಸೂಪರ್‌ಕಂಪ್ಯೂಟರ್‌ನಲ್ಲಿ ಈ ಬಲದ ಸಮೀಕರಣಗಳನ್ನು ಇಟ್ಟು ಲೆಕ್ಕ ಹಾಕಿದಾಗ ಪ್ರೋಟಾನ್‌ನ ತೂಕ ಅಳತೆಗೆ ಸರಿಯಾಗಿ ಹೊಂದಿಕೊಂಡು ಬಂತು.

ಅಂದರೆ 60 ಕಿಲೋ ತೂಗುವ ಒಬ್ಬರ ಮೈಯಲ್ಲಿ ಹಿಗ್ಸ್‌ನ ಲೆಕ್ಕಕ್ಕೆ ನೇರವಾಗಿ ಬರುವುದು ಸುಮಾರು 600 ಗ್ರಾಮ್. ಉಳಿದ 59 ಕಿಲೋ ಚಿಲ್ಲರೆ ಆ ಬಂಧನದ ಶಕ್ತಿ. ಅಷ್ಟು ದೊಡ್ಡ ಪಾಲಿನ ಗುಟ್ಟು ತಿಳಿಯಬೇಕಾದರೆ ಬಂಧನವನ್ನು ಬಿಚ್ಚಿ ನೋಡಬೇಕು, ಅಲ್ವಾ? ಭಾರದ ಅಯಾನ್ ಡಿಕ್ಕಿ ಮಾಡುವುದು ಅದನ್ನೇ.

ಒಂದು ಕ್ವಾರ್ಕನ್ನು ಎಳೆದು ಹೊರಗೆ ತೆಗೆಯಬಹುದಲ್ವಾ? ಅದಕ್ಕೆ ಇಷ್ಟೆಲ್ಲ ಯಾಕೆ?

ಆಗುವುದಿಲ್ಲ. ಗುರುತ್ವ, ವಿದ್ಯುತ್ ಬಲಗಳು ದೂರ ಹೋದಂತೆ ಕಡಿಮೆಯಾಗುತ್ತವೆ. ಇದು ಹಾಗಲ್ಲ. ಕ್ವಾರ್ಕನ್ನು ದೂರ ಎಳೆದಷ್ಟೂ ಶಕ್ತಿ ಸುರಿಯಬೇಕಾಗುತ್ತದೆ. ಒಂದು ಹಂತದಲ್ಲಿ ಆ ಶಕ್ತಿಯಿಂದಲೇ ಹೊಸ ಕ್ವಾರ್ಕ್ ಮತ್ತು ಪ್ರತಿ-ಕ್ವಾರ್ಕ್ ಜೋಡಿ ಹುಟ್ಟಿ, ನಿಮ್ಮ ಕೈಗೆ ಬರುವುದು ಮತ್ತೆ ಕಟ್ಟುಬಿದ್ದ ಕಣವೇ. ಹತ್ತಿರ ಬಂದಾಗ ಮಾತ್ರ ಈ ಬಲ ಸಡಿಲ. 1973ರಲ್ಲಿ ಇದನ್ನು ತೋರಿಸಿದ ಗ್ರಾಸ್, ವಿಲ್ಚೆಕ್, ಪೊಲಿಟ್ಜರ್ ಅವರಿಗೆ 2004ರಲ್ಲಿ ನೊಬೆಲ್ ಬಂತು.

ಹಾಗಾಗಿ ಇರುವುದು ಒಂದೇ ದಾರಿ. ತುಂಬ ಪ್ರೋಟಾನ್, ನ್ಯೂಟ್ರಾನ್‌ಗಳನ್ನು ಒಂದೇ ಕಡೆ ಒತ್ತಿ ಬಿಸಿ ಮಾಡಿ, ಯಾವ ಕ್ವಾರ್ಕ್ ಯಾವ ಪ್ರೋಟಾನ್‌ನದ್ದು ಅನ್ನುವುದೇ ಇಲ್ಲದಂತೆ ಮಾಡುವುದು. ಸುಮಾರು 1.8 ಲಕ್ಷ ಕೋಟಿ ಡಿಗ್ರಿಯಲ್ಲಿ ಇದು ಆಗುತ್ತದೆ. ಸೂರ್ಯನ ನಡುವಿನ ಬಿಸಿ 1.5 ಕೋಟಿ ಡಿಗ್ರಿ. ಅದರ ಲಕ್ಷ ಪಟ್ಟಿಗೂ ಜಾಸ್ತಿ ಆಯಿತು. ಹಾಗೆ ಕರಗಿದ ಸ್ಥಿತಿಗೆ ಕ್ವಾರ್ಕ್-ಗ್ಲೂಆನ್ ಪ್ಲಾಸ್ಮಾ ಅಂತ ಹೆಸರು. ಮಹಾಸ್ಫೋಟದ ನಂತರ ಒಂದು ಸೆಕೆಂಡಿನ ಲಕ್ಷದಲ್ಲಿ ಒಂದು ಪಾಲಿನಷ್ಟು ಹೊತ್ತು ಇಡೀ ವಿಶ್ವ ಇದೇ ಸ್ಥಿತಿಯಲ್ಲಿತ್ತು. ಅದು ತಣಿದಾಗ ಹುಟ್ಟಿದ ಪ್ರೋಟಾನ್‌ಗಳೇ ಈಗ ನಿಮ್ಮ ಮೈಯಲ್ಲೂ ನನ್ನ ಮೈಯಲ್ಲೂ ಇರುವುದು.

ಒಂದು ಡಿಕ್ಕಿಯ ಒಳಗೆ ಏನೇನು ನಡೆಯುತ್ತದೆ?

ಸೀಸದ ನ್ಯೂಕ್ಲಿಯಸ್ ಉರುಟಾದದ್ದು. ಆದರೆ ಎಲ್‌ಎಚ್‌ಸಿಯ ವೇಗದಲ್ಲಿ ನಾವು ನಿಂತ ಜಾಗದಿಂದ ನೋಡಿದರೆ ಓಡುವ ದಿಕ್ಕಿನಲ್ಲಿ ಎರಡು ಸಾವಿರ ಪಟ್ಟಿಗಿಂತ ಹೆಚ್ಚು ಚಪ್ಪಟೆಯಾಗಿ ಕಾಣುತ್ತದೆ. ಐನ್‌ಸ್ಟೈನ್‌ನ ಸಾಪೇಕ್ಷತೆಯ ಫಲ ಅದು. ಅಂಥ ಎರಡು ತೆಳು ಬಿಲ್ಲೆಗಳು ಒಂದರೊಳಗೊಂದು ತೂರಿ ಹೋಗುತ್ತವೆ. ತೂರಿ ಹೋದ ಹಿಂದೆಯೇ ನಡುವೆ ಅಪಾರ ಶಕ್ತಿ ಉಳಿದು ಪ್ಲಾಸ್ಮಾ ಹುಟ್ಟುತ್ತದೆ.

ಅದು ಬದುಕುವ ಹೊತ್ತನ್ನು ಹೇಳುವುದೇ ಕಷ್ಟ. ಒಂದು ಸೆಕೆಂಡನ್ನು ಲಕ್ಷ ಕೋಟಿ ಪಾಲು ಮಾಡಿ. ಅದರಲ್ಲಿ ಒಂದು ಪಾಲನ್ನು ಮತ್ತೆ ಹತ್ತು ಸಾವಿರ ಕೋಟಿ ಪಾಲು ಮಾಡಿ. ಅಂಥ ಕೆಲವೇ ಪಾಲು. ಅಷ್ಟರಲ್ಲಿ ಅದು ಹಿಗ್ಗುತ್ತದೆ, ತಣಿಯುತ್ತದೆ, ಕ್ವಾರ್ಕ್‌ಗಳು ಮತ್ತೆ ಸೇರಿಕೊಂಡು ಪಯಾನ್, ಕೇಯಾನ್, ಪ್ರೋಟಾನ್ ಮುಂತಾದ ಕಣಗಳಾಗಿ ಹೊರಗೆ ಹಾರುತ್ತವೆ. ಎದುರುಬದುರಾಗಿ ಸರಿಯಾಗಿ ಹೊಡೆದ ಒಂದು ಡಿಕ್ಕಿಯಲ್ಲಿ ಚಾರ್ಜ್ ಇರುವ ಕಣಗಳೇ ಸುಮಾರು 20 ಸಾವಿರ ಹುಟ್ಟುತ್ತವೆ.

ಇವುಗಳನ್ನು ಹಿಡಿಯಲಿಕ್ಕೆಂದೇ ಎಲ್‌ಎಚ್‌ಸಿಯಲ್ಲಿ 'ಆಲಿಸ್' ಅನ್ನುವ ಡಿಟೆಕ್ಟರ್ ಇದೆ. ತೂಕ 10 ಸಾವಿರ ಟನ್. 26 ಮೀಟರ್ ಉದ್ದ, 16 ಮೀಟರ್ ಎತ್ತರ. ನಡುವೆ 5 ಮೀಟರ್ ಉದ್ದದ ಒಂದು ದೊಡ್ಡ ಪೀಪಾಯಿ, ಅದರ ತುಂಬ ಗ್ಯಾಸ್. ಕಣ ಹಾದುಹೋದ ಕಡೆ ಗ್ಯಾಸ್‌ನ ಪರಮಾಣುಗಳಿಂದ ಎಲೆಕ್ಟ್ರಾನ್‌ಗಳು ಕಿತ್ತುಬರುತ್ತವೆ. ಆ ಎಲೆಕ್ಟ್ರಾನ್‌ಗಳು ಪೀಪಾಯಿಯ ಎರಡು ತುದಿಗಳ ಕಡೆ ತೇಲಿ ಬರುತ್ತವೆ. ಎಲ್ಲಿ ಬಿದ್ದವು, ಎಷ್ಟು ಹೊತ್ತಿಗೆ ಬಿದ್ದವು ಅನ್ನುವುದರಿಂದ ಕಣ ನಡೆದ ದಾರಿಯನ್ನು ಮೂರು ಆಯಾಮದಲ್ಲಿ ಬಿಡಿಸಬಹುದು. ಅದಕ್ಕೂ ಒಳಗೆ, ಡಿಕ್ಕಿಯ ಜಾಗಕ್ಕೆ ತೀರ ಹತ್ತಿರ, ಸಿಲಿಕಾನ್ ಪದರಗಳಲ್ಲಿ 1250 ಕೋಟಿ ಪಿಕ್ಸೆಲ್‌ಗಳಿವೆ. ಸೀಸದ ಡಿಕ್ಕಿಗಳು ಸೆಕೆಂಡಿಗೆ 50 ಸಾವಿರದವರೆಗೆ ಬಂದರೂ ಒಂದನ್ನೂ ಬಿಡದೆ ಓದುವ ಹಾಗೆ ಇದನ್ನು ಹೊಸದಾಗಿ ಕಟ್ಟಿದ್ದಾರೆ.

ಅಷ್ಟು ಬೇಗ ಮಾಯವಾಗುವ ಪ್ಲಾಸ್ಮಾ ಇತ್ತು ಅಂತ ಹೇಗೆ ಗೊತ್ತಾಗುತ್ತದೆ?

ಪ್ಲಾಸ್ಮಾವನ್ನು ನೇರವಾಗಿ ಯಾರೂ ನೋಡುವುದಿಲ್ಲ. ಅದು ಬಿಟ್ಟುಹೋದ ಗುರುತುಗಳನ್ನು ನೋಡುತ್ತಾರೆ. ಒಂದೇ ಗುರುತು ಸಾಕಾಗುವುದಿಲ್ಲ. ಬೇರೆ ಬೇರೆ ಗುರುತುಗಳು ಒಂದೇ ಮಾತು ಹೇಳಬೇಕು.

ನನಗೆ ತುಂಬ ಹಿಡಿಸುವುದು ಹರಿವಿನ ಗುರುತು. ಎರಡು ನ್ಯೂಕ್ಲಿಯಸ್‌ಗಳು ಸ್ವಲ್ಪ ಓರೆಯಾಗಿ ತಾಗಿದರೆ ಒಂದರ ಮೇಲೊಂದು ಬೀಳುವ ಜಾಗ ಬಾದಾಮಿಯ ಆಕಾರದಲ್ಲಿರುತ್ತದೆ. ಹುಟ್ಟಿದ ಕಣಗಳು ಒಂದನ್ನೊಂದು ಲೆಕ್ಕಿಸದೆ ಹಾರಿಹೋದರೆ ಎಲ್ಲ ದಿಕ್ಕಿಗೂ ಒಂದೇ ಸಮ ಬರಬೇಕು. ಆದರೆ ಅಳೆದಾಗ ಬಾದಾಮಿಯ ಕಿರಿದಾದ ಬದಿಯ ಕಡೆ ಜಾಸ್ತಿ ಕಣಗಳು ಬಂದವು. ಒಳಗೆ ಒತ್ತಡ ಇದ್ದು, ಎಲ್ಲ ಸೇರಿ ಹರಿದರೆ ಮಾತ್ರ ಹಾಗಾಗುತ್ತದೆ. ಅಲ್ಲಿಯವರೆಗೆ ಬಹಳ ಮಂದಿ ಪ್ಲಾಸ್ಮಾ ಅಂದರೆ ಗ್ಯಾಸ್‌ನ ಹಾಗೆ ಇರಬಹುದು ಅಂದುಕೊಂಡಿದ್ದರು. 2005ರಲ್ಲಿ ರಿಕ್‌ನ ತಂಡಗಳು, ಇದು ದ್ರವ, ಅದೂ ಒಳಗಿನ ಸ್ನಿಗ್ಧತೆ ಇರಬಹುದಾದಷ್ಟು ಕಡಿಮೆ ಇರುವ ದ್ರವ ಅಂತ ಹೇಳಿದವು. ಐದು ವರ್ಷದ ನಂತರ ಎಲ್‌ಎಚ್‌ಸಿಯಲ್ಲೂ ಅದೇ ಕಂಡಿತು.

ಎರಡನೆಯದು ಜೆಟ್‌ಗಳು ಸೊರಗುವುದು. ಡಿಕ್ಕಿಯ ಮೊದಲ ಕ್ಷಣದಲ್ಲಿ ಕೆಲವೊಮ್ಮೆ ಎರಡು ಕ್ವಾರ್ಕ್‌ಗಳು ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಸಮನಾದ ರಭಸದಲ್ಲಿ ಚಿಮ್ಮುತ್ತವೆ. ಒಂದೊಂದೂ ಹೊರಗೆ ಬರುವಾಗ ಕಣಗಳ ಗೊಂಚಲಾಗುತ್ತದೆ. ಅದೇ ಜೆಟ್. ಕಂಬಳ ನೋಡಿದವರಿಗೆ ಇದು ಬೇಗ ಗೊತ್ತಾಗುತ್ತದೆ. ಸಮ ಜೋರಿನ ಎರಡು ಜೊತೆ ಕೋಣಗಳಲ್ಲಿ ಒಂದು ಜೊತೆಯನ್ನು ಗಟ್ಟಿ ನೆಲದಲ್ಲಿ, ಇನ್ನೊಂದನ್ನು ಉದ್ದದ ಕೆಸರು ಕರೆಯಲ್ಲಿ (ಓಟದ ಗದ್ದೆಯಲ್ಲಿ) ಓಡಿಸಿದರೆ ಓಟ ಮುಗಿಯುವ ಮಂಜೊಟ್ಟಿಗೆ ಬರುವ ಹೊತ್ತಿಗೆ ಕೆಸರಿನ ಜೊತೆ ಕಸುವು ಕಳೆದುಕೊಂಡಿರುತ್ತದೆ. ಕೆಸರು ಎಷ್ಟು ಆಳ ಅಂತ ಇಳಿದು ನೋಡದೆಯೂ ಹೇಳಬಹುದು. ಪ್ಲಾಸ್ಮಾದ ಅಂಚಿನಲ್ಲಿ ಹುಟ್ಟಿದ ಜೋಡಿಯಲ್ಲಿ ಒಂದು ಜೆಟ್ ಸಲೀಸಾಗಿ ಹೊರಗೆ ಬರುತ್ತದೆ, ಎದುರಿನದ್ದು ಇಡೀ ಪ್ಲಾಸ್ಮಾ ದಾಟಿ ಬರುವಷ್ಟರಲ್ಲಿ ಸೊರಗಿರುತ್ತದೆ. 2010ರಲ್ಲಿ ಸೀಸದ ಡಿಕ್ಕಿ ಶುರುವಾಗಿ ಕೆಲವೇ ವಾರಗಳಲ್ಲಿ ಅಟ್ಲಾಸ್ ಡಿಟೆಕ್ಟರ್‌ನವರು ಇಂಥ ಸಮವಿಲ್ಲದ ಜೋಡಿಗಳನ್ನು ತೋರಿಸಿದರು.

ಮೂರನೆಯದು ಜೆ-ಸೈ ಅನ್ನುವ ಕಣದ ಕತೆ. ಅದು ಒಂದು ಚಾರ್ಮ್ ಕ್ವಾರ್ಕ್ ಮತ್ತು ಅದರ ಪ್ರತಿ-ಕ್ವಾರ್ಕ್‌ನ ಜೋಡಿ. ಪ್ಲಾಸ್ಮಾದ ಒಳಗೆ ಈ ಜೋಡಿ ಕಟ್ಟಿಕೊಂಡಿರಲು ಆಗುವುದಿಲ್ಲ, ಹಾಗಾಗಿ ಜೆ-ಸೈ ಕಡಿಮೆ ಕಾಣಬೇಕು ಅಂತ 1986ರಲ್ಲೇ ಮತ್ಸುಯಿ ಮತ್ತು ಸಾಟ್ಜ್ ಹೇಳಿದ್ದರು. ಸರ್ನ್‌ನ ಹಳೆಯ ವೇಗವರ್ಧಕದಲ್ಲಿ ಕಡಿಮೆ ಆದದ್ದು ಕಂಡಿತು, ರಿಕ್‌ನಲ್ಲೂ ಕಂಡಿತು. ಎಲ್‌ಎಚ್‌ಸಿಯಲ್ಲಿ ಬಿಸಿ ಇನ್ನೂ ಜಾಸ್ತಿ, ಆದ್ದರಿಂದ ಇನ್ನೂ ಕಡಿಮೆ ಆಗಬೇಕಿತ್ತು. ಹಾಗಾಗಲಿಲ್ಲ. ಅಲ್ಲಿ ಒಂದೇ ಡಿಕ್ಕಿಯಲ್ಲಿ ಚಾರ್ಮ್ ಕ್ವಾರ್ಕ್‌ಗಳು ಎಷ್ಟು ಹುಟ್ಟುತ್ತವೆ ಅಂದರೆ, ಬೇರೆಯಾದವು ಕೊನೆಯಲ್ಲಿ ಹೊಸ ಜೊತೆ ಹುಡುಕಿಕೊಂಡು ಮತ್ತೆ ಜೆ-ಸೈ ಆಗುತ್ತವೆ. ಕ್ವಾರ್ಕ್‌ಗಳು ಅಲ್ಲಿ ನಿಜವಾಗಿ ಬಿಡುಗಡೆಯಾಗಿ ಅಡ್ಡಾಡಿದ್ದವು ಅನ್ನುವುದಕ್ಕೆ ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಬಿಸಿಯನ್ನು ಪ್ಲಾಸ್ಮಾದಿಂದ ಬರುವ ಫೋಟಾನ್‌ಗಳಿಂದ, ಅಂದರೆ ಬೆಳಕಿನ ಕಣಗಳಿಂದ, ಅಂದಾಜು ಮಾಡುತ್ತಾರೆ. ಫೋಟಾನ್‌ಗೆ ಕ್ವಾರ್ಕ್‌ಗಳನ್ನು ಹಿಡಿದಿಡುವ ಆ ಬಲ ತಾಗುವುದಿಲ್ಲ, ಹಾಗಾಗಿ ಹುಟ್ಟಿದ ಹಾಗೆಯೇ ಹೊರಗೆ ಬರುತ್ತದೆ. ರಿಕ್‌ನಲ್ಲಿ ಸುಮಾರು 4 ಲಕ್ಷ ಕೋಟಿ ಡಿಗ್ರಿ, ಎಲ್‌ಎಚ್‌ಸಿಯಲ್ಲಿ ಅದಕ್ಕಿಂತಲೂ ಜಾಸ್ತಿ.

ಸೀಸದಿಂದ ಚಿನ್ನ ಮಾಡಿದರಂತೆ. ಹೌದಾ?

ಹೌದು. 2025ರ ಮೇ ತಿಂಗಳಲ್ಲಿ ಆಲಿಸ್ ತಂಡ ಇದರ ಅಳತೆಯನ್ನು ಪ್ರಕಟಿಸಿತು. ಸೀಸದಲ್ಲಿ 82 ಪ್ರೋಟಾನ್, ಚಿನ್ನದಲ್ಲಿ 79. ಮೂರು ಪ್ರೋಟಾನ್ ಉದುರಿದರೆ ಸೀಸ ಚಿನ್ನವಾಗುತ್ತದೆ. ಆದರೆ ಇದು ಡಿಕ್ಕಿಯಲ್ಲಿ ಆಗುವುದಲ್ಲ. ಎರಡು ನ್ಯೂಕ್ಲಿಯಸ್‌ಗಳು ತಾಗದೆ ತೀರ ಪಕ್ಕದಲ್ಲೇ ಹಾದುಹೋದಾಗ ಆಗುವುದು. 82 ಪ್ರೋಟಾನ್‌ಗಳ ವಿದ್ಯುತ್ ಕ್ಷೇತ್ರ ಆ ವೇಗದಲ್ಲಿ ಫೋಟಾನ್‌ಗಳ ಸುರಿಮಳೆಯಂತೆ ವರ್ತಿಸುತ್ತದೆ. ಅದು ಎದುರಿನ ನ್ಯೂಕ್ಲಿಯಸನ್ನು ಅಲುಗಾಡಿಸಿ ಕೆಲವು ಪ್ರೋಟಾನ್, ನ್ಯೂಟ್ರಾನ್‌ಗಳನ್ನು ಉದುರಿಸುತ್ತದೆ.

ಕಿರಣಗಳು ಪೂರ್ತಿ ಜೋರಿನಲ್ಲಿದ್ದಾಗ ಸೆಕೆಂಡಿಗೆ ಸುಮಾರು 89 ಸಾವಿರ ಚಿನ್ನದ ನ್ಯೂಕ್ಲಿಯಸ್ ಹುಟ್ಟುತ್ತವೆ. 2015ರಿಂದ 2018ರವರೆಗೆ ಎಲ್‌ಎಚ್‌ಸಿಯ ನಾಲ್ಕು ದೊಡ್ಡ ಪ್ರಯೋಗಗಳಲ್ಲಿ ಒಟ್ಟು 8600 ಕೋಟಿ. ತೂಕ? ಒಂದು ಗ್ರಾಮನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ 29 ಪಾಲು. ಅದೇ ಲೆಕ್ಕದಲ್ಲಿ ಒಂದು ಪವನ್ ಆಗಬೇಕಾದರೆ ವಿಶ್ವದ ಈವರೆಗಿನ ವಯಸ್ಸಿನ ಸುಮಾರು 80 ಪಟ್ಟು ಕಾಲ ಬೇಕು. ಹುಟ್ಟಿದ ಚಿನ್ನವೂ ಸೆಕೆಂಡಿನ ಸಣ್ಣ ಪಾಲಿನಲ್ಲಿ ಕಿರಣದ ಕೊಳವೆಗೆ ಬಡಿದು ಚೂರಾಗುತ್ತದೆ. ಇದನ್ನು ಅಳೆಯುವುದು ಚಿನ್ನದ ಆಸೆಗಲ್ಲ. ಹೀಗೆ ಬದಲಾದ ನ್ಯೂಕ್ಲಿಯಸ್‌ಗಳು ದಾರಿ ತಪ್ಪಿ ಅಯಸ್ಕಾಂತಗಳ ಮೇಲೆ ಬಿದ್ದರೆ ತೊಂದರೆ. ಎಷ್ಟು ಬೀಳುತ್ತವೆ ಅಂತ ಮೊದಲೇ ಗೊತ್ತಿರಬೇಕು.

ಇಷ್ಟು ಬಿಸಿ, ಇಷ್ಟು ವೇಗ. ಅಪಾಯ ಇಲ್ವಾ? ಕಪ್ಪುಕುಳಿ ಹುಟ್ಟಿ ಭೂಮಿಯನ್ನು ನುಂಗಿದರೆ?

ಮಕ್ಕಳು ನಿಜವಾಗಿ ಹೆದರಿ ಕೇಳುವ ಪ್ರಶ್ನೆ ಇದು. ಬಿಸಿ ಅಷ್ಟಿದ್ದರೂ ಜಾಗ ನ್ಯೂಕ್ಲಿಯಸ್‌ನಷ್ಟು. ಎರಡು ಸೀಸದ ನ್ಯೂಕ್ಲಿಯಸ್‌ಗಳ ಒಟ್ಟು ಶಕ್ತಿ ಒಂದು ಸಾವಿರ ಟೆರಾ ಎಲೆಕ್ಟ್ರಾನ್ ವೋಲ್ಟ್‌ಗಿಂತ ಸ್ವಲ್ಪ ಜಾಸ್ತಿ. ಕೇಳಲು ದೊಡ್ಡದು, ಆದರೆ ಜೌಲ್‌ಗೆ ಬದಲಾಯಿಸಿದರೆ ಒಂದು ಜೌಲ್‌ನ ಸುಮಾರು ಆರು ಸಾವಿರದಲ್ಲಿ ಒಂದು ಪಾಲು.

ಇದಕ್ಕಿಂತ ಗಟ್ಟಿ ಉತ್ತರ ಆಕಾಶದಲ್ಲಿದೆ. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳಲ್ಲಿ ಪ್ರೋಟಾನ್‌ಗಳಿವೆ, ಕಬ್ಬಿಣದಷ್ಟು ಭಾರದ ನ್ಯೂಕ್ಲಿಯಸ್‌ಗಳೂ ಇವೆ. ಕೆಲವಕ್ಕೆ ಎಲ್‌ಎಚ್‌ಸಿಗಿಂತ ಎಷ್ಟೋ ಪಟ್ಟು ಶಕ್ತಿ. 1991ರಲ್ಲಿ ಅಮೆರಿಕದ ಯೂಟಾದಲ್ಲಿ ಕಂಡ ಒಂದೇ ಒಂದು ಕಣಕ್ಕೆ ಸುಮಾರು 50 ಜೌಲ್ ಶಕ್ತಿ ಇತ್ತು. ಇಂಥವು 450 ಕೋಟಿ ವರ್ಷಗಳಿಂದ ಭೂಮಿಗೂ, ಗಾಳಿಯ ಹೊದಿಕೆ ಇಲ್ಲದ ಚಂದ್ರನಿಗೂ ಬಡಿಯುತ್ತಲೇ ಇವೆ. ಇಂಥ ಡಿಕ್ಕಿಯಿಂದ ಅನಾಹುತ ಆಗುವುದಿದ್ದರೆ ಹುಣ್ಣಿಮೆಗೆ ಚಂದ್ರ ಇರುತ್ತಿರಲಿಲ್ಲ.

ಅಪಾಯ ಇರುವುದು ಯಂತ್ರಕ್ಕೆ. 2008ರ ಸೆಪ್ಟೆಂಬರ್ 10ರಂದು ಎಲ್‌ಎಚ್‌ಸಿಯಲ್ಲಿ ಮೊದಲ ಕಿರಣ ಸುತ್ತಿತು. 19ರಂದು ಅಯಸ್ಕಾಂತಗಳ ನಡುವಿನ ಒಂದು ವಿದ್ಯುತ್ ಜೋಡಣೆ ಕೆಟ್ಟು ಟನ್‌ಗಟ್ಟಲೆ ಹೀಲಿಯಂ ಸುರಂಗಕ್ಕೆ ನುಗ್ಗಿತು. ಯಾರಿಗೂ ಗಾಯವಾಗಲಿಲ್ಲ, ರಿಪೇರಿಗೆ ಒಂದು ವರ್ಷಕ್ಕಿಂತ ಜಾಸ್ತಿ ಹಿಡಿಯಿತು.

ಇದಕ್ಕೂ ಕೈಗಾದ ಅಣುಸ್ಥಾವರಕ್ಕೂ ಸಂಬಂಧ ಇದೆಯಾ?

ಇಲ್ಲ. ಕೈಗಾದಲ್ಲಿ ಯುರೇನಿಯಂ ಒಡೆದು ಸರಪಳಿಯಂತೆ ಮುಂದುವರಿಯುತ್ತದೆ, ಶಕ್ತಿ ಹೊರಬರುತ್ತದೆ. ಇಲ್ಲಿ ಶಕ್ತಿಯನ್ನು ನಾವೇ ಹಾಕಬೇಕು. ಕರೆಂಟ್ ತೆಗೆದರೆ ಎಲ್ಲ ನಿಲ್ಲುತ್ತದೆ.

ಭಾರತದವರು ಏನು ಮಾಡಿದ್ದಾರೆ? ಕರ್ನಾಟಕದವರು?

ಬಹಳ. ಭಾರತ 2017ರಿಂದ ಸರ್ನ್‌ನ ಸಹ-ಸದಸ್ಯ ದೇಶ. ಆಲಿಸ್‌ನಲ್ಲಿ ಫೋಟಾನ್‌ಗಳನ್ನು ಎಣಿಸುವ ಒಂದು ಡಿಟೆಕ್ಟರನ್ನು ಕೋಲ್ಕತ್ತ, ಭುವನೇಶ್ವರ, ಚಂಡೀಗಢ, ಜಮ್ಮು, ಜೈಪುರದಂಥ ಊರುಗಳ ಸಂಸ್ಥೆಗಳು ಸೇರಿ ಕಟ್ಟಿದವು. ಇದೇ ಬಗೆಯದ್ದು ರಿಕ್‌ನಲ್ಲೂ ಇತ್ತು. 'ಮಾನಸ್' ಅನ್ನುವ ಚಿಪ್ ಕೋಲ್ಕತ್ತದ ಸಾಹಾ ಸಂಸ್ಥೆಯಲ್ಲಿ ರೂಪುಗೊಂಡು ಆಲಿಸ್‌ನಲ್ಲಿ ಮ್ಯುಆನ್ (ಎಲೆಕ್ಟ್ರಾನ್‌ನಂಥದ್ದೇ, ಆದರೆ ಹೆಚ್ಚು ಭಾರದ ಕಣ) ಹಿಡಿಯುವ ಭಾಗಕ್ಕೆ ಹೋಯಿತು. ಈ ಕ್ಷೇತ್ರವನ್ನು ನಮ್ಮ ದೇಶದಲ್ಲಿ ಬೆಳೆಸಿದವರಲ್ಲಿ ಕೋಲ್ಕತ್ತದ ಬಿಕಾಶ್ ಸಿನ್ಹಾ ಅವರ ಹೆಸರು ದೊಡ್ಡದು. ಎಲ್‌ಎಚ್‌ಸಿಯ ಭಾರಿ ಅಯಸ್ಕಾಂತಗಳನ್ನು ಕೂದಲೆಳೆ ಲೆಕ್ಕದಲ್ಲಿ ಜರುಗಿಸಿ ಕೂರಿಸುವ ಸುಮಾರು 7000 ಜ್ಯಾಕ್‌ಗಳು ಭಾರತದಿಂದಲೇ ಹೋದವು.

ಕರ್ನಾಟಕದ ವಿಷಯಕ್ಕೆ ಬಂದರೆ ಕೋಲಾರದ ಚಿನ್ನದ ಗಣಿಯನ್ನು ಮರೆಯಬಾರದು. ಅಲ್ಲಿ ನೆಲದಿಂದ ಎರಡು ಕಿಲೋಮೀಟರ್‌ಗೂ ಕೆಳಗೆ, 1965ರಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತು ಸಿಕ್ಕಿತು. ಜಗತ್ತಿನಲ್ಲೇ ಮೊದಲ ಕೆಲವು ಸಾಕ್ಷಿಗಳಲ್ಲಿ ಅದೂ ಒಂದು. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್, ಇಂಗ್ಲೆಂಡ್‌ನವರ ಜೊತೆ ಮಾಡಿದ ಆ ಕೆಲಸದ ಮುಂಚೂಣಿಯಲ್ಲಿ ನಂಜನಗೂಡಿನ ಕಡೆಯ ಬಿ.ವಿ. ಶ್ರೀಕಂಠನ್ ಇದ್ದರು. ನಮ್ಮ ಪಠ್ಯಗಳಲ್ಲಿ ಇದಕ್ಕೆ ಇನ್ನೂ ಹೆಚ್ಚು ಜಾಗ ಸಿಗಬೇಕು.

ಮಂಗಳೂರು, ಉಡುಪಿಯಲ್ಲಿ ಆಕ್ಸಿಲರೇಟರ್ (ಕಣ ವೇಗವರ್ಧಕ) ಇದೆಯಾ?

ಇದೆ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಮೈಕ್ರೋಟ್ರಾನ್ ಕೇಂದ್ರ ಇದೆ. ಇಂದೋರ್‌ನ ರಾಜಾ ರಾಮಣ್ಣ ಕೇಂದ್ರದ ಸಹಯೋಗದಲ್ಲಿ 1990ರ ದಶಕದಲ್ಲಿ ಬಂದದ್ದು. ಅದು ಎಲೆಕ್ಟ್ರಾನ್‌ಗಳಿಗೆ 8 ಮೆಗಾ ಎಲೆಕ್ಟ್ರಾನ್ ವೋಲ್ಟ್‌ವರೆಗೆ ಶಕ್ತಿ ಕೊಡುತ್ತದೆ. ಎಲೆಕ್ಟ್ರಾನ್ ಅಯಸ್ಕಾಂತದ ನಡುವೆ ಸುತ್ತುತ್ತದೆ, ಪ್ರತಿ ಸುತ್ತಿನಲ್ಲೂ ಒಂದು ಮೈಕ್ರೋವೇವ್ ಪೆಟ್ಟಿಗೆಯಲ್ಲಿ ಹಾದು ಒಂದಿಷ್ಟು ಶಕ್ತಿ ಪಡೆಯುತ್ತದೆ, ಅದರ ಸುತ್ತು ದೊಡ್ಡದಾಗುತ್ತಾ ಹೋಗುತ್ತದೆ. ಎಲ್‌ಎಚ್‌ಸಿಯ ಪ್ರೋಟಾನ್‌ಗೆ ಇದರ ಎಂಟು ಲಕ್ಷ ಪಟ್ಟಿಗಿಂತ ಜಾಸ್ತಿ ಶಕ್ತಿ ಇದೆ, ನಿಜ. ಆದರೆ ಅಯಸ್ಕಾಂತದಿಂದ ತಿರುಗಿಸು, ವಿದ್ಯುತ್ ಕ್ಷೇತ್ರದಿಂದ ತಳ್ಳು ಅನ್ನುವ ಮೂಲ ಪಾಠ ಎರಡರಲ್ಲೂ ಒಂದೇ.

ಇನ್ನು ಆಸ್ಪತ್ರೆಗಳು. ಮಂಗಳೂರು, ಮಣಿಪಾಲದ ದೊಡ್ಡ ಆಸ್ಪತ್ರೆಗಳಲ್ಲಿ ಕ್ಯಾನ್ಸರ್‌ಗೆ ರೇಡಿಯೇಶನ್ ಕೊಡುವ ಲಿನ್ಯಾಕ್ ಕೂಡ ಆಕ್ಸಿಲರೇಟರೇ. ಅಮ್ಮನನ್ನೋ ಅಜ್ಜನನ್ನೋ ಅಲ್ಲಿಗೆ ಕರೆದುಕೊಂಡು ಹೋದವರು ಎಷ್ಟೋ ಮಂದಿ ಇದ್ದಾರೆ. ಅವರೆಲ್ಲ ಕಣ ವೇಗವರ್ಧಕದ ಬಾಗಿಲಲ್ಲಿ ಕೂತು ಬಂದವರೇ.

ಇದರಿಂದ ಜನರಿಗೆ ಏನು ಉಪಯೋಗ?

ವರ್ಲ್ಡ್ ವೈಡ್ ವೆಬ್ ಹುಟ್ಟಿದ್ದು 1989ರಲ್ಲಿ, ಸರ್ನ್‌ನಲ್ಲಿ. 1993ರಲ್ಲಿ ಅದನ್ನು ಎಲ್ಲರಿಗೂ ಪುಕ್ಕಟೆ ಬಿಟ್ಟುಕೊಟ್ಟರು. ಭಾರದ ಅಯಾನ್‌ನ ನೇರ ಉಪಯೋಗ ಕ್ಯಾನ್ಸರ್ ಚಿಕಿತ್ಸೆಯಲ್ಲಿದೆ. ಕಾರ್ಬನ್ ಅಯಾನ್ ಮೈಯೊಳಗೆ ಹೋಗುವಾಗ ದಾರಿಯಲ್ಲಿ ಕಡಿಮೆ ಶಕ್ತಿ ಬಿಟ್ಟು, ನಿಲ್ಲುವ ಜಾಗದಲ್ಲಿ ಬಹುಪಾಲು ಬಿಡುತ್ತದೆ. ಜಪಾನ್‌ನ ಚಿಬಾದಲ್ಲಿ 1994ರಿಂದ, ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ 2009ರಿಂದ ಹೀಗೆ ಚಿಕಿತ್ಸೆ ಕೊಡುತ್ತಿದ್ದಾರೆ. ಆದರೂ ಉಪಯೋಗದ ಪಟ್ಟಿ ಕೊಟ್ಟು ಈ ವಿಜ್ಞಾನಕ್ಕೆ ಬೆಲೆ ಕಟ್ಟುವುದು ನನಗೆ ಒಪ್ಪಿಗೆ ಇಲ್ಲ. ನಾವು ಯಾವುದರಿಂದ ಆಗಿದ್ದೇವೆ ಅಂತ ತಿಳಿಯುವುದೇ ದೊಡ್ಡ ಕೆಲಸ.

ನಮ್ಮ ಕಾಲೇಜಲ್ಲೇ ಕಣಗಳನ್ನು ನೋಡಬಹುದಾ?

ಖಂಡಿತ. ಕ್ಲೌಡ್ ಚೇಂಬರ್ ಮಾಡಿ. ಮೀನು ಸಾಕುವ ಗಾಜಿನ ತೊಟ್ಟಿ ಇದ್ದರೆ ಸಾಕು. ತೊಟ್ಟಿಯ ತಳದ ಒಳಬದಿಗೆ ಉಣ್ಣೆಬಟ್ಟೆಯ ಪಟ್ಟಿ ಅಂಟಿಸಿ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ನೆನೆಸಿ. ಕಪ್ಪು ಬಣ್ಣದ ಲೋಹದ ತಟ್ಟೆಯ ಮೇಲೆ ತೊಟ್ಟಿಯನ್ನು ಕವುಚಿ ಹಾಕಿ, ತಟ್ಟೆಯ ಕೆಳಗೆ ಡ್ರೈ ಐಸ್ ಇಡಿ. ಅಂಚಿಗೆ ಟೇಪ್ ಬಿಗಿಯಾಗಿ ಸುತ್ತಬೇಕು. ನಮ್ಮ ಕರಾವಳಿಯ ಸೆಕೆಯಲ್ಲಿ ಇದು ಮುಖ್ಯ: ಸಣ್ಣ ಸಂದಿ ಇದ್ದರೂ ಹೊರಗಿನ ತೇವದ ಗಾಳಿ ನುಗ್ಗಿ ಒಳಗೆಲ್ಲ ಮಂಜು ಕವಿಯುತ್ತದೆ. ಗಾಜಿನ ಹೊರಮೈಯೂ ಬೆವರುತ್ತದೆ, ಬಟ್ಟೆ ಹಿಡಿದು ಒರೆಸುತ್ತಾ ಇರಬೇಕು.

ಹತ್ತು-ಹದಿನೈದು ನಿಮಿಷ ಕಾಯಿರಿ. ಕೋಣೆಯ ದೀಪ ಆರಿಸಿ ಪಕ್ಕದಿಂದ ಟಾರ್ಚ್ ಹಾಕಿ. ತಟ್ಟೆಯ ಮೇಲೆ ಒಂದು ತೆಳು ಪದರದಲ್ಲಿ ಸಣ್ಣ ಹನಿಗಳು ತೂರುತ್ತಿರುತ್ತವೆ. ಅಲ್ಲಿ ಒಮ್ಮೆಲೇ ಒಂದು ಬಿಳಿ ಗೆರೆ ಮೂಡಿ ಕರಗುತ್ತದೆ. ದಪ್ಪ, ಗಿಡ್ಡ ಗೆರೆ ಬಂದರೆ ಅದು ಗಾಳಿಯಲ್ಲಿರುವ ರೇಡಾನ್‌ನಿಂದ ಬಂದ ಆಲ್ಫಾ ಕಣ. ಸೊಟ್ಟಸೊಟ್ಟಾಗಿ ಓಡಿದರೆ ಎಲೆಕ್ಟ್ರಾನ್. ಉದ್ದ, ತೆಳು, ನೇರ ಗೆರೆ ಬಂದರೆ ಬಹುಶಃ ಮ್ಯುಆನ್. ಅದು ಹದಿನೈದು ಕಿಲೋಮೀಟರ್ ಎತ್ತರದ ಹತ್ತಿರ ಕಾಸ್ಮಿಕ್ ಕಿರಣದ ಡಿಕ್ಕಿಯಲ್ಲಿ ಹುಟ್ಟಿ ಇಳಿದು ಬಂದದ್ದು. ಈಗಲೂ ನಿಮ್ಮ ಅಂಗೈಯಲ್ಲಿ ಸೆಕೆಂಡಿಗೆ ಸುಮಾರು ಒಂದು ಮ್ಯುಆನ್ ಹಾದುಹೋಗುತ್ತಿದೆ.

ಡ್ರೈ ಐಸನ್ನು ಬರಿಗೈಯಲ್ಲಿ ಮುಟ್ಟಬೇಡಿ, ಕಿಟಕಿ ತೆರೆದಿರಲಿ. ಆಲ್ಕೊಹಾಲ್ ಹತ್ತಿರ ಬೆಂಕಿ ಬೇಡ. ಲೆಕ್ಚರರ್ ಜೊತೆಯಲ್ಲಿ ಇರಲಿ.

ಮಗಳು ಭೌತಶಾಸ್ತ್ರವನ್ನೇ ಓದುತ್ತೇನೆ ಅನ್ನುತ್ತಿದ್ದಾಳೆ. ಮುಂದೆ ಹೊಟ್ಟೆಪಾಡು?

ಕೇಳಬೇಕಾದ ಪ್ರಶ್ನೆಯೇ. ಪಿಯು ನಂತರ ಬಿಎಸ್ಸಿ, ಎಂಎಸ್ಸಿ ಮಾಡಿ ಪಿಎಚ್‌ಡಿಗೆ ಹೋಗಬಹುದು. ಇಲ್ಲವೇ ಕೇಂದ್ರ ಸರ್ಕಾರದ ವಿಜ್ಞಾನ ಸಂಸ್ಥೆಗಳಾದ ಐಸರ್, ಭುವನೇಶ್ವರದ ನೈಸರ್‌ನಂಥ ಕಡೆ ಐದು ವರ್ಷದ ಕೋರ್ಸ್ ಸೇರಬಹುದು. ಬಿಎಸ್ಸಿ ಓದುವ ಅರ್ಹರಿಗೆ ಕೇಂದ್ರದ ಇನ್‌ಸ್ಪೈರ್ ವಿದ್ಯಾರ್ಥಿವೇತನ ವರ್ಷಕ್ಕೆ 80 ಸಾವಿರ ರೂಪಾಯಿ. ಪಿಎಚ್‌ಡಿಗೆ ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಸಿಕ್ಕಿದರೆ ಮೊದಲ ಎರಡು ವರ್ಷ ತಿಂಗಳಿಗೆ 37 ಸಾವಿರ, ಅದರ ಮೇಲೆ ಮನೆ ಬಾಡಿಗೆ ಭತ್ಯೆ. ನೆಟ್, ಗೇಟ್, ಜೆಸ್ಟ್ ಪರೀಕ್ಷೆಗಳಿಗೆ ಎಂಎಸ್ಸಿಯ ಮೊದಲ ವರ್ಷದಿಂದಲೇ ತಯಾರಿ ಬೇಕು.

ಎಲ್ಲರೂ ಪ್ರೊಫೆಸರ್ ಆಗುವುದಿಲ್ಲ, ಅದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ಇಂಥ ಪ್ರಯೋಗದಲ್ಲಿ ಕೆಲಸ ಮಾಡಿದವರಿಗೆ ದೊಡ್ಡ ಡೇಟಾ ಅರೆಯುವುದು, ಸಿ-ಪ್ಲಸ್-ಪ್ಲಸ್, ಪೈಥಾನ್, ಎಲೆಕ್ಟ್ರಾನಿಕ್ಸ್ ಚೆನ್ನಾಗಿ ಬರುತ್ತದೆ. ಕೆಲಸಕ್ಕೆ ದಾರಿ ಇದ್ದೇ ಇದೆ. ಎಂಜಿನಿಯರಿಂಗ್ ಓದುತ್ತಿರುವವರಿಗೂ ಬಾಗಿಲು ಮುಚ್ಚಿಲ್ಲ: ಅಯಸ್ಕಾಂತ, ತಂಪು ಮಾಡುವ ವ್ಯವಸ್ಥೆ, ಚಿಪ್, ಕಂಪ್ಯೂಟಿಂಗ್ ಎಲ್ಲವನ್ನೂ ಕಟ್ಟುವವರು ಅವರೇ.

ನಾನು ಕನ್ನಡ ಮೀಡಿಯಂ. ನನ್ನಿಂದ ಆಗುತ್ತದಾ?

ಆಗುತ್ತದೆ. ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳುವಷ್ಟು ಬೇಕು, ಅದು ಎರಡು ವರ್ಷದಲ್ಲಿ ಬರುತ್ತದೆ. ಗಣಿತ ಗಟ್ಟಿ ಇಲ್ಲದಿದ್ದರೆ ಮಾತ್ರ ಕಷ್ಟ. ಕಲನಶಾಸ್ತ್ರ, ವೆಕ್ಟರ್, ಸಂಭವನೀಯತೆ ಇವನ್ನು ಪಿಯುನಲ್ಲೇ ಕೈಯಾರೆ ಲೆಕ್ಕ ಮಾಡಿ ಕಲಿಯಿರಿ. ಕನ್ನಡದಲ್ಲಿ ಯೋಚಿಸಿ, ಗೆಳೆಯರಿಗೆ ಕನ್ನಡದಲ್ಲೋ ತುಳುವಿನಲ್ಲೋ ವಿವರಿಸಿ ನೋಡಿ. ವಿವರಿಸಲು ಬಂದರೆ ನಿಮಗೆ ಅರ್ಥವಾಗಿದೆ.

ಈಗಲೇ, ಮನೆಯಲ್ಲೇ ಶುರು ಮಾಡುವುದಾದರೆ?

ಸರ್ನ್‌ನ ಓಪನ್ ಡೇಟಾ ಪೋರ್ಟಲ್ 2014ರಿಂದ ಇದೆ. ನಿಜವಾದ ಡಿಕ್ಕಿಗಳ ಡೇಟಾ ಅಲ್ಲಿ ಪುಕ್ಕಟೆ ಸಿಗುತ್ತದೆ. ಪಿಯು ಮಕ್ಕಳಿಗೆ ಆಲಿಸ್‌ನ ಮಾಸ್ಟರ್‌ಕ್ಲಾಸ್ ಅಭ್ಯಾಸ ಒಳ್ಳೆಯದು. ಪರದೆ ಮೇಲೆ ಡಿಕ್ಕಿಯ ಚಿತ್ರ ಬರುತ್ತದೆ. ಏನೂ ಇಲ್ಲದ ಜಾಗದಿಂದ ಇದ್ದಕ್ಕಿದ್ದಂತೆ ಎರಡು ಗೆರೆಗಳು ಕವಲೊಡೆದು ಹೊರಟದ್ದನ್ನು ಹುಡುಕಬೇಕು. ಚಾರ್ಜ್ ಇಲ್ಲದ ಒಂದು ಕಣ ಕಾಣದೆ ಅಷ್ಟು ದೂರ ಬಂದು ಅಲ್ಲಿ ಒಡೆದಿದೆ ಅಂತ ಅರ್ಥ. ಎರಡು ಗೆರೆಗಳ ಅಳತೆಯಿಂದ ಮೂಲ ಕಣದ ದ್ರವ್ಯರಾಶಿ ಲೆಕ್ಕ ಹಾಕಬಹುದು. ಸುಮಾರು 498 ಮೆಗಾ ಎಲೆಕ್ಟ್ರಾನ್ ವೋಲ್ಟ್ ಬಂದರೆ ಕೇಯಾನ್, 1116 ಬಂದರೆ ಲ್ಯಾಂಬ್ಡಾ. ಎರಡರಲ್ಲೂ ಸ್ಟ್ರೇಂಜ್ ಕ್ವಾರ್ಕ್ ಇದೆ. ಪ್ಲಾಸ್ಮಾ ಹುಟ್ಟಿದಾಗ ಸ್ಟ್ರೇಂಜ್ ಕ್ವಾರ್ಕ್ ಇರುವ ಕಣಗಳ ಪಾಲು ಜಾಸ್ತಿಯಾಗುತ್ತದೆ, ಅದು ಇನ್ನೊಂದು ಗುರುತು. 2017ರಲ್ಲಿ ಆಲಿಸ್ ತಂಡ, ತುಂಬ ಕಣಗಳು ಹುಟ್ಟುವ ಪ್ರೋಟಾನ್-ಪ್ರೋಟಾನ್ ಡಿಕ್ಕಿಯಲ್ಲೂ ಈ ಪಾಲು ಏರುವುದನ್ನು ತೋರಿಸಿತು. ಅಷ್ಟು ಚಿಕ್ಕ ಡಿಕ್ಕಿಯಲ್ಲೂ ಪ್ಲಾಸ್ಮಾದ ಹನಿ ಹುಟ್ಟುತ್ತದಾ ಅನ್ನುವ ಚರ್ಚೆ ಇನ್ನೂ ಮುಗಿದಿಲ್ಲ. ಆಕ್ಸಿಜನ್ ಡಿಕ್ಕಿಗಳನ್ನು ಮಾಡಿದ್ದಕ್ಕೆ ಅದೂ ಒಂದು ಕಾರಣ. ಪ್ರೋಟಾನ್‌ಗೂ ಸೀಸಕ್ಕೂ ನಡುವಿನ ಗಾತ್ರದಲ್ಲಿ ಏನಾಗುತ್ತದೆ ಅಂತ ಆ ಡೇಟಾದಲ್ಲಿ ಈಗ ಹುಡುಕುತ್ತಿದ್ದಾರೆ. ಇವತ್ತು ಪಿಯು ಓದುತ್ತಿರುವವರು ಪಿಎಚ್‌ಡಿಗೆ ಹೋಗುವ ಹೊತ್ತಿಗೆ, 2030ರ ಆಸುಪಾಸು, ಎಲ್‌ಎಚ್‌ಸಿ ದೊಡ್ಡ ರಿಪೇರಿ ಮುಗಿಸಿ ಇನ್ನೂ ಹೆಚ್ಚು ಡಿಕ್ಕಿಗಳೊಂದಿಗೆ ಮತ್ತೆ ಶುರುವಾಗುವ ಯೋಜನೆ ಇದೆ.